ಸಿಟಿಯಲ್ಲಿ ‘ಜಠರದ ಗೋಡೆ ದಪ್ಪ’ ಎಂದು ಬಂದಿದ್ದರೆ

ಸಿಟಿ ಸ್ಕ್ಯಾನ್ ವರದಿಯಲ್ಲಿ ‘ಜಠರದ ಗೋಡೆ ದಪ್ಪಗಿದೆ, ಗಡ್ಡೆ ಇರಬಹುದು’ ಎಂದು ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಹೀಗೆ ಬರಲು ಹೆಚ್ಚಾಗಿ ಕಾರಣ, ಸ್ಕ್ಯಾನ್ ವೇಳೆ ಜಠರ ಹಿಗ್ಗದೆ ಮುದುಡಿಕೊಂಡಿದ್ದದ್ದು. ನೀರು ಕುಡಿಸಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಖಾಲಿ ಜಠರದ ಮಡಿಕೆಗಳು ಒತ್ತೊತ್ತಾಗಿ ಕೂತು ಗಡ್ಡೆಯಂತೆಯೇ ಕಾಣುತ್ತವೆ. ಹಾಗೆಂದು ಬಿಟ್ಟುಬಿಡಬೇಡಿ.

ಮೊದಲು ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಜಠರದ ಒಳಗೆ ನೋಡುವುದು) ಮಾಡಿಸಿ. ಒಳಪದರದ ಸಣ್ಣ ಗಡ್ಡೆ ಎಂಥ ಒಳ್ಳೆಯ ಸಿಟಿಗೂ ತಪ್ಪಿಹೋಗಬಹುದು; ಬಯಾಪ್ಸಿ, ಅಂದರೆ ಪರೀಕ್ಷೆಗೆ ಸಣ್ಣ ಚೂರು, ತೆಗೆಯಲೂ ಎಂಡೋಸ್ಕೋಪಿಯೇ ಬೇಕು. ಸಿಟಿ ಮತ್ತೆ ಬೇಕೆಂದರೆ 4ರಿಂದ 6 ಗಂಟೆ ಉಪವಾಸವಿರಿ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ವರದಿ ಒಯ್ಯಿರಿ. ಕಾಂಟ್ರಾಸ್ಟ್ (ಚಿತ್ರದಲ್ಲಿ ಅಂಗಗಳು ಸ್ಪಷ್ಟವಾಗಿ ಕಾಣಲು ಕೊಡುವ ದ್ರವ) ಅಲರ್ಜಿಯಿದ್ದರೆ ಮುಂಚೆಯೇ ಹೇಳಿ. ಟೇಬಲ್ ಹತ್ತುವ ಮುನ್ನ 500ರಿಂದ 1000 ಮಿ.ಲೀ. ಬರೀ ನೀರು ಸಾಕು. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ, ಕುಡಿಯುವ ಕಾಂಟ್ರಾಸ್ಟ್ ಬೇಡ, ಆ ಹೊಳಪಿನಲ್ಲಿ ಗೋಡೆಯೇ ಮುಚ್ಚಿಹೋಗುತ್ತದೆ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು ಸುಮಾರು 40 ಮತ್ತು 70 ಸೆಕೆಂಡಿಗೆ ಎರಡು ಸಲ, 1 ಮಿ.ಮೀ. ದಪ್ಪದ ಸ್ಲೈಸ್‌ಗಳಲ್ಲಿ (ಪದರಗಳಲ್ಲಿ) ಚಿತ್ರ ತೆಗೆಯಲು ಆಗುತ್ತದೆಯೇ ಎಂದು ರೇಡಿಯಾಲಜಿಸ್ಟನ್ನು (ಸ್ಕ್ಯಾನ್ ವೈದ್ಯರನ್ನು) ಕೇಳಿ.