ಬ್ಯಾಟರಿ ಹೊಸದು, ಆದರೂ ಸೆಲ್ಫ್ ಎತ್ತುತ್ತಿಲ್ಲ

ಪ್ರಶ್ನೆ: ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ಬ್ಯಾಟರಿ ಹೊಸದು ಹಾಕಿಸಿ ಎರಡು ತಿಂಗಳೂ ಆಗಿಲ್ಲ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಜೋರಾಗಿದೆ. ಕೀ ತಿರುಗಿಸಿದರೆ ಮಾತ್ರ 'ಟಕ್' ಅಂತ ಒಂದೇ ಸದ್ದು, ಇಂಜಿನ್ ತಿರುಗುವುದೇ ಇಲ್ಲ. ಐದಾರು ಸಲ ತಿರುಗಿಸಿದರೆ ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನವರು ಹೊಸ ಸೆಲ್ಫ್ ಮೋಟಾರ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ?
(ಓದುಗರೊಬ್ಬರು, ಕುಂದಾಪುರ)

ಉತ್ತರ: ಇವತ್ತೇ ಹಾಕಿಸಬೇಡಿ. ಒಂದು ಅರ್ಧ ಗಂಟೆ ಕೆಲಸ ಇದೆ, ಅದನ್ನು ಮುಗಿಸಿ ಆಮೇಲೆ ನಿರ್ಧಾರ ಮಾಡೋಣ.

ಆ 'ಟಕ್' ಸದ್ದು ಅರ್ಧ ವಿಷಯ ಹೇಳಿಬಿಟ್ಟಿದೆ. ಅದು ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಮೇಲಿರುವ ಸೊಲೆನಾಯ್ಡ್, ಅಂದರೆ ಮೋಟಾರಿಗೆ ಕರೆಂಟ್ ಬಿಡುವ ಅಯಸ್ಕಾಂತದ ಸ್ವಿಚ್, ಎಳೆದ ಸದ್ದು. ಅಂದರೆ ಕೀ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಸಣ್ಣ ವೈರು ಎಲ್ಲ ತಮ್ಮ ಕೆಲಸ ಮಾಡಿವೆ. ತೊಂದರೆ ಇರುವುದು ದಪ್ಪ ಕೇಬಲ್‌ಗಳಲ್ಲಿ, ಅರ್ತಿಂಗ್‌ನಲ್ಲಿ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಇಲ್ಲವೇ ಸೆಲ್ಫ್ ಒಳಗೆ.

ಹೆಡ್‌ಲೈಟ್ ಉರಿಯುತ್ತದಲ್ವಾ, ಹಾಗಾದರೆ ಕನೆಕ್ಷನ್ ಸರಿಯಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಎರಡು ಹೆಡ್‌ಲೈಟ್‌ಗೆ ಸುಮಾರು 10 ಆಂಪಿಯರ್ ಸಾಕು. ಸೆಲ್ಫ್ ಇಂಜಿನ್ ತಿರುಗಿಸಬೇಕಾದರೆ 100, 150, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಅರ್ಧ ತುಕ್ಕು ಹಿಡಿದ ಬೋಲ್ಟು ಹತ್ತನ್ನು ದಾಟಿಸುತ್ತದೆ, ನೂರನ್ನು ದಾಟಿಸುವುದಿಲ್ಲ. ಇನ್ನೊಂದು ವಿಷಯ, ಹೆಡ್‌ಲೈಟ್ ಅರ್ತ್ ಆಗುವುದು ಬಾಡಿಗೆ, ಸೆಲ್ಫ್ ಅರ್ತ್ ಆಗುವುದು ಇಂಜಿನ್‌ಗೆ. ಇಂಜಿನ್ ಕೂತಿರುವುದೋ ರಬ್ಬರ್ ಮೌಂಟಿಂಗ್ ಮೇಲೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಬೇರೆಯಾಗಿ ಒಂದು ದಪ್ಪ ಅರ್ತ್ ವೈರು ಕೊಟ್ಟಿರುತ್ತಾರೆ. ನಿಮ್ಮದು ಕಡಲ ತೀರದ ಊರು, ಉಪ್ಪಿನ ಗಾಳಿ, ಮೇಲೆ ನಾಲ್ಕು ತಿಂಗಳು ಮಳೆ, ಹಾಗಾಗಿ ನನ್ನ ಮೊದಲ ಅನುಮಾನ ಆ ವೈರಿನ ಮೇಲೆಯೇ.

ನನ್ನ ಹಳೇ ಕಾರಿನಲ್ಲಿ ಹೀಗೇ ಆಗಿತ್ತು. ಹೊಸ ಸೆಲ್ಫ್ ಹಾಕಿಸಿದೆ, ಒಂದು ವಾರಕ್ಕೆ ಮತ್ತೆ ಅದೇ 'ಟಕ್'. ಒಂದು ಸಂಜೆ ಬಾನೆಟ್ ಎತ್ತಿ ಹೆಂಡತಿಗೆ ಕೀ ತಿರುಗಿಸಲು ಹೇಳಿದೆ, ನೋಡಿದರೆ ಆಕ್ಸಿಲರೇಟರ್ ಕೇಬಲ್‌ನಿಂದ ಸಣ್ಣಗೆ ಹೊಗೆ! ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಅರ್ತ್ ವೈರು ಬೋಲ್ಟಿನ ಹತ್ತಿರ ಹಸಿರುಗಟ್ಟಿ ಎಳೆ ಎಳೆಯಾಗಿ ತುಂಡಾಗಿತ್ತು, ಕರೆಂಟ್ ಬೇರೆ ದಾರಿ ಇಲ್ಲದೆ ಆ ತೆಳು ಕೇಬಲ್ ಮೇಲೆ ಹರಿಯುತ್ತಿತ್ತು. ಸೆಲ್ಫ್‌ಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು. ನಿಮಗೆ ಹಾಗಾಗಬಾರದು.

ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಬ್ಯಾಟರಿಯ ಎರಡೂ ಟರ್ಮಿನಲ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಅಲುಗಾಡಬಾರದು. ಬ್ಯಾಟರಿ ಹೊಸದಾದರೂ ಕ್ಲ್ಯಾಂಪ್ ಹಳೆಯದೇ ಅಲ್ವಾ, ಒಳಗೆ ಬಿಳಿ ಪುಡಿ ಕಟ್ಟಿದ್ದರೆ ಮೈನಸ್ ಮೊದಲು ಬಿಚ್ಚಿ, ಸ್ಯಾಂಡ್ ಪೇಪರ್‌ನಿಂದ ಹೊಳೆಯುವವರೆಗೆ ಉಜ್ಜಿ, ಮೈನಸ್ಸನ್ನು ಕೊನೆಗೆ ಹಾಕಿ. ಆಮೇಲೆ ಪಕ್ಕದ ಮನೆಯವರ ಹತ್ತಿರ ಜಂಪ್ ಕೇಬಲ್ ಇದ್ದರೆ ತನ್ನಿ. ಕಪ್ಪು ಕೇಬಲ್‌ನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್‌ನ ಬಣ್ಣ ಇಲ್ಲದ ಗಟ್ಟಿ ಲೋಹಕ್ಕೆ. ಫ್ಯಾನ್, ಬೆಲ್ಟ್ ಹತ್ತಿರ ಬೇಡ. ಈಗ ಕೀ ತಿರುಗಿಸಿ. ಇಂಜಿನ್ ಗರಗರ ತಿರುಗಿದರೆ ರೋಗ ಅರ್ತ್ ವೈರಿನದ್ದೇ, ಹೊಸ ವೈರು ಹಾಕಿಸಿದರೆ ಮುಗಿಯಿತು.

ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಕೆಂಪು ಕಡ್ಡಿ ಇಂಜಿನ್ ಲೋಹದ ಮೇಲೆ ಒತ್ತಿ ಹಿಡಿದು ಯಾರಿಗಾದರೂ ಕೀ ತಿರುಗಿಸಲು ಹೇಳಿ. 0.2, 0.3 ವೋಲ್ಟ್ ತೋರಿಸಿದರೆ ಪರವಾಗಿಲ್ಲ, 0.5 ದಾಟಿದರೆ ಅರ್ತಿಂಗ್ ಕೆಟ್ಟಿದೆ. ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್‌ನ ದಪ್ಪ ಬೋಲ್ಟಿನವರೆಗೂ ಇದೇ ಲೆಕ್ಕ.

ಎರಡೂ ಸರಿ ಇದ್ದು ಬರೀ 'ಟಕ್' ಅಂದರೆ ಆಗ ಸೆಲ್ಫ್ ಮೇಲೆ ಅನುಮಾನ ಪಡಿ. ಒಬ್ಬರು ಕೀ ಹಿಡಿದಿರುವಾಗ ಇನ್ನೊಬ್ಬರು ವೀಲ್ ಸ್ಪ್ಯಾನರ್‌ನಿಂದ ಸೆಲ್ಫ್ ಮೈಮೇಲೆ ಮೆಲ್ಲಗೆ ತಟ್ಟಲಿ. ಜೋರಾಗಿ ಬೇಡ, ಕೆಲವು ಸೆಲ್ಫ್‌ಗಳ ಒಳಗೆ ಅಯಸ್ಕಾಂತ ಇರುತ್ತದೆ, ಒಡೆದುಹೋಗುತ್ತದೆ. ತಟ್ಟಿದಾಗ ಎತ್ತಿಕೊಂಡರೆ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇದ್ದಿಲ ತುಂಡು) ಸವೆದಿರುವ ಸಾಧ್ಯತೆ ಹೆಚ್ಚು. ಆಗಲೂ ಒಳ್ಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿ ನೋಡಿ. ಬ್ರಷ್ ಬದಲಿಸಿದರೆ ಸಾಕಾಗುವ ಕಡೆ ಹೊಸ ಮೋಟಾರ್ ಯಾಕೆ?

ಪ್ರಶ್ನೆ: ನಮ್ಮ ಆಟೋಮ್ಯಾಟಿಕ್ ಕಾರಿನಲ್ಲಿ ಲಿವರ್ 'ಪಿ'ಯಲ್ಲಿಟ್ಟು ಕೀ ತಿರುಗಿಸಿದರೆ 'ಟಕ್' ಸದ್ದೂ ಇಲ್ಲ. ಬ್ಯಾಟರಿ ಚೆಕ್ ಮಾಡಿಸಿದೆ, ಚೆನ್ನಾಗಿದೆಯಂತೆ. ತಳ್ಳಿ ಸ್ಟಾರ್ಟ್ ಮಾಡಬಹುದಾ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ತಳ್ಳಬೇಡಿ, ಅದು ಆಗುವುದಿಲ್ಲ, ಗೇರ್‌ಬಾಕ್ಸ್‌ಗೆ ಪೆಟ್ಟಾಗಬಹುದು. ಬ್ರೇಕ್ ಒತ್ತಿ ಹಿಡಿದು ಲಿವರ್ 'ಎನ್'ಗೆ ತಂದು ಕೀ ತಿರುಗಿಸಿ. ಆಗ ಸ್ಟಾರ್ಟ್ ಆದರೆ, ಗೇರ್ ಎಲ್ಲಿದೆ ಅಂತ ತಿಳಿಸುವ ಸ್ವಿಚ್ ಕೈಕೊಟ್ಟಿದೆ, ಅದನ್ನು ಸರಿಮಾಡಿಸಿ. ಆಗದಿದ್ದರೆ ಫ್ಯೂಸ್ ಬಾಕ್ಸ್ ತೆರೆದು ಸ್ಟಾರ್ಟರ್ ರಿಲೇ ಜಾಗಕ್ಕೆ ಹಾರ್ನ್ ರಿಲೇ ಹಾಕಿ ನೋಡಿ, ಮೇಲಿನ ನಂಬರ್ ಎರಡಕ್ಕೂ ಒಂದೇ ಇದ್ದರೆ ಮಾತ್ರ. ಅದಕ್ಕೂ ಜಗ್ಗದಿದ್ದರೆ ಸೊಲೆನಾಯ್ಡ್‌ಗೆ ಹೋಗುವ ಸಣ್ಣ ವೈರನ್ನು ನೋಡಿಸಿ. ಕಾರು ವಾರಗಟ್ಟಲೆ ನಿಂತಿದ್ದರೆ ಇಲಿ ಕಡಿದಿರಬಹುದು, ಬಾನೆಟ್ ಒಳಗೆ ಹಿಕ್ಕೆ ಬಿದ್ದಿದೆಯಾ ಅಂತ ಮೊದಲು ಕಣ್ಣು ಹಾಯಿಸಿ.