ಕಲಬುರಗಿಯಲ್ಲಿ ಕಲಿಯುವವರಿಗೆ ಫಿಲ್ಮೋ ಡಿಜಿಟಲ್ಲೋ?

ಚಿಕ್ಕಪ್ಪನವರ ಹಳೆಯ ಫಿಲ್ಮ್ ಕ್ಯಾಮೆರಾ ಕೈಗೆ ಬಂದಿದೆ, ಕಲಬುರಗಿಯಲ್ಲಿದ್ದು ಅದರಲ್ಲೇ ಫೋಟೊಗ್ರಫಿ ಕಲಿಯಲೇ ಅಥವಾ ದುಡ್ಡು ಕೂಡಿಸಿ ಡಿಜಿಟಲ್ ಕೊಳ್ಳಲೇ ಎಂದು ಕೇಳಿದ್ದೀರಿ. ಫಿಲ್ಮ್ ಶಿಸ್ತು ಕಲಿಸುತ್ತದೆ ಎಂದು ಗೆಳೆಯರು ಹೇಳುತ್ತಾರೆಂದೂ ಬರೆದಿದ್ದೀರಿ. ನಾನೂ ಇದೇ ಊರಿನವನು, ಎರಡನ್ನೂ ಬಳಸುತ್ತೇನೆ. ಕಲಿಕೆ ಡಿಜಿಟಲ್‌ನಲ್ಲೇ ಆಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫಿಲ್ಮ್ ಆಮೇಲೆ ಬರಲಿ. ಅದೂ ಕಪ್ಪು ಬಿಳುಪು, ಅದೂ ಮನೆಯಲ್ಲೇ ತೊಳೆಯುವುದಾದರೆ, ಅಂದರೆ ರಾಸಾಯನಿಕಗಳಲ್ಲಿ ಡೆವಲಪ್ ಮಾಡುವುದಾದರೆ.

ಶಿಸ್ತಿನ ಮಾತನ್ನು ನಾನು ಒಪ್ಪುವುದಿಲ್ಲ. 36 ಚಿತ್ರಗಳ ರೋಲ್ ಮುಗಿಸಲು ಹವ್ಯಾಸಿಗೆ ವಾರಗಳೇ ಹಿಡಿಯುತ್ತವೆ. ಅದನ್ನು ಹೈದರಾಬಾದಿಗೋ ಬೆಂಗಳೂರಿಗೋ ಕೊರಿಯರ್ ಮಾಡಿ ಫಲಿತಾಂಶ ನೋಡುವ ಹೊತ್ತಿಗೆ, ಯಾವ ಚಿತ್ರಕ್ಕೆ ಯಾವ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಇಟ್ಟಿದ್ದೆವೆಂಬುದೇ ಮರೆತಿರುತ್ತದೆ. ತಪ್ಪು ಕಣ್ಣಿಗೆ ಬೀಳುತ್ತದೆ, ಕಾರಣ ಸಿಗುವುದಿಲ್ಲ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಂದಿಗೂ ಶಟರ್ (ಬೆಳಕು ಒಳಬೀಳುವ ಸಮಯ), ಅಪರ್ಚರ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) ಎಲ್ಲವನ್ನೂ ಬರೆದಿಡುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರು ಬೇಕೇ? ಹೊಸದೇ ಆಗಬೇಕೆಂದಿಲ್ಲ, ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಧಾರಾಳವಾಗಿ ಸಾಕು.

ಕೊಂಡ ಮೇಲೆ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ. 1367ರ ಕಟ್ಟಡ, ನಡುವೆ ತೆರೆದ ಅಂಗಳವಿಲ್ಲ, ಇಡೀ ಜಾಗಕ್ಕೆ ಚಾವಣಿಯಿದೆ. ಒಳಗೆ ಕಮಾನಿನ ಮೇಲೆ ಕಮಾನು, ತಣ್ಣನೆಯ ಮಬ್ಬು. ಅಂಚಿನ ಕಮಾನುಗಳ ಆಚೆ ಕಣ್ಣು ಕುಕ್ಕುವ ಬಿಸಿಲು. ಅಲ್ಲಿ ನಿಂತು ಶಟರ್ ಒಂದನ್ನೇ ಬದಲಿಸುತ್ತಾ ಒಂದೇ ದೃಶ್ಯವನ್ನು ಹಲವು ಸಲ ತೆಗೆಯಿರಿ. ಡಿಜಿಟಲ್‌ನಲ್ಲಿ ಬೆಳಕಿನ ಭಾಗ ಒಮ್ಮೆ ಪೂರಾ ಬೆಳ್ಳಗಾದರೆ ಮುಗಿಯಿತು, ಅಲ್ಲಿ ಮತ್ತೇನೂ ಉಳಿದಿರುವುದಿಲ್ಲ; ಕತ್ತಲ ಭಾಗವನ್ನು ಮಾತ್ರ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಿಂದ ಬಹಳಷ್ಟು ಮೇಲೆತ್ತಬಹುದು. ನೆಗೆಟಿವ್ ಫಿಲ್ಮ್ ಇದಕ್ಕೆ ತದ್ವಿರುದ್ಧ. ಹೆಚ್ಚು ಬೆಳಕನ್ನು ಸಹಿಸಿಕೊಳ್ಳುತ್ತದೆ, ಬೆಳಕು ಸಾಲದ ಕಡೆ ಬರಿದಾಗುತ್ತದೆ. ಆದ್ದರಿಂದ ಡಿಜಿಟಲ್‌ನಲ್ಲಿ ಬಿಸಿಲನ್ನು ನೋಡಿ ಅಳೆಯಬೇಕು, ನೆಗೆಟಿವ್‌ನಲ್ಲಿ ನೆರಳನ್ನು ನೋಡಿ. ಈ ವ್ಯತ್ಯಾಸ ಕೈಗೆ ಹತ್ತಿದ ಮೇಲೆ ಚಿಕ್ಕಪ್ಪನವರ ಕ್ಯಾಮೆರಾ ಎತ್ತಿಕೊಳ್ಳಿ.

ಅದರ ಹಿಂಬಾಗಿಲಿನ ಅಂಚಿನ ಫೋಮ್ ಅಂಟಂಟಾಗಿದ್ದರೆ ಬದಲಿಸಿ, ಇಲ್ಲವಾದರೆ ಬೆಳಕು ಸೋರುತ್ತದೆ. ಬೆಳಕು ಅಳೆಯುವ ಮೀಟರ್ ಸತ್ತಿದ್ದರೂ ಚಿಂತೆಯಿಲ್ಲ. ಹಲವು ಹಳೆಯ ಮಾದರಿಗಳ ಮೀಟರಿಗೆ ಬೇಕಾದ ಪಾದರಸದ ಸೆಲ್ ಈಗ ತಯಾರಾಗುವುದೇ ಇಲ್ಲ. ನಮ್ಮ ಊರಿನ ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16ಕ್ಕೆ ಇಟ್ಟು, 200 ಐಎಸ್‌ಒ ಫಿಲ್ಮ್‌ಗೆ ಶಟರ್ 1/250 ಸೆಕೆಂಡ್, 400ಕ್ಕೆ 1/500 ಇಟ್ಟರೆ ಚಿತ್ರ ಬರುತ್ತದೆ.

ಫಿಲ್ಮ್‌ನ ನಿಜವಾದ ಸುಖ ತೊಳೆಯುವುದರಲ್ಲಿದೆ. ಇಲ್ಫರ್ಡ್ ಕಂಪನಿಯ ಎಚ್‌ಪಿ5 ಪ್ಲಸ್ ಎಂಬ ಕಪ್ಪು ಬಿಳುಪು ಫಿಲ್ಮ್‌ಗೆ ಐಡಿ-11 ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ) ಬಳಸಿದರೆ, ನೀರು ಬೆರೆಸದ ದ್ರಾವಣದಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ನಲ್ಲಿಯಿಂದ 20 ಡಿಗ್ರಿಯ ನೀರು ಎಲ್ಲಿಂದ ಬರಬೇಕು? ನಾನು ಪಾತ್ರೆಯಲ್ಲಿ ನೀರು, ಮಂಜುಗಡ್ಡೆ ಹಾಕಿ ಬಾಟಲಿಗಳನ್ನು ಅದರೊಳಗೆ ನಿಲ್ಲಿಸುತ್ತೇನೆ. ಡೆವಲಪರ್ ಮಾತ್ರ ತಣ್ಣಗಿದ್ದರೆ ಸಾಲದು. ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್, ತೊಳೆಯುವ ನೀರು ಎಲ್ಲವೂ ಹೆಚ್ಚುಕಡಿಮೆ ಒಂದೇ ಉಷ್ಣಾಂಶದಲ್ಲಿರಬೇಕು. ಬಿಸಿಯೇರಿದಂತೆ ಡೆವಲಪ್ ಮಾಡುವ ಸಮಯ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರ ಏರುಪೇರಾಗುವ ಭಯ. ಡೆವಲಪ್ ಮಾಡುವ ಡಬ್ಬಿಯ ರೀಲಿಗೆ ಫಿಲ್ಮ್ ಸುತ್ತುವ ಕೆಲಸವನ್ನು ಬೆಳಗಿನ ಜಾವವೇ ಮುಗಿಸಿ. ಮಧ್ಯಾಹ್ನದ ಸೆಕೆಯಲ್ಲಿ ಬೆಳಕು ನುಸುಳದ ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರಿ, ಫಿಲ್ಮ್ ಪ್ಲಾಸ್ಟಿಕ್ ರೀಲಿಗೆ ಅಂಟಿಕೊಂಡು ಮುಂದಕ್ಕೆ ಸರಿಯುವುದೇ ಇಲ್ಲ.

ಗಡಸು ನೀರು ಒಣಗಿದ ಮೇಲೆ ನೆಗೆಟಿವ್ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೆಗೆಯಿರಿ. ಒಣಹಾಕುವುದು ಬಚ್ಚಲುಮನೆಯಲ್ಲಿ, ಗೋಡೆಗೆ ನೀರೆರಚಿ ಬಾಗಿಲು ಹಾಕಿಕೊಂಡು. ಒಳಗೆ ಹಾರಾಡುವ ಧೂಳು ಕೆಳಗೆ ಕೂರುತ್ತದೆ.

ಸ್ಕ್ಯಾನರ್ ಕೊಳ್ಳುವ ಅಗತ್ಯವಿಲ್ಲ. ನೀವು ಕೊಂಡ ಅದೇ ಡಿಎಸ್‌ಎಲ್‌ಆರ್‌ಗೆ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಹಾಕಿ, ಸಮನಾಗಿ ಬೆಳಗುವ ಎಲ್‌ಇಡಿ ಫಲಕದ ಮೇಲೆ ನೆಗೆಟಿವ್ ಇಟ್ಟು ಫೋಟೊ ತೆಗೆಯಿರಿ, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿಗೆ, ಬಿಳಿಯನ್ನು ಕಪ್ಪಿಗೆ ತಿರುಗಿಸಿ. ದೊಡ್ಡ ಪ್ರಿಂಟ್ ಹಾಕಿಸಲು ಅಷ್ಟು ಸಾಕು.