ಹಳೇ ಮೋಟರ್‌ಹೋಮ್‌ಗೆ ಸ್ಟೀಲ್ ರಿಮ್ ಹುಡುಕುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು 1976ರ ಜಿಎಂಸಿ ಮೋಟರ್‌ಹೋಮ್, ಅಂದರೆ ಒಳಗೇ ಮನೆಯಂತೆ ಇರಬಹುದಾದ ಗಾಡಿ. ಆರು ಚಕ್ರ, ಎಲ್ಲಾ 16.5 ಇಂಚಿನ ಸ್ಟೀಲ್ ರಿಮ್. ಎರಡು ರಿಮ್ ಒಳಗಡೆ ತುಕ್ಕು ಹಿಡಿದು ಹಾಳಾಗಿವೆ. ಆ ಅಳತೆಯ ಟೈರಿಗೂ ಪರದಾಟ. ಟೈರ್ ಹಾಕುವವರೊಬ್ಬರು "ಅರ್ಧ ಇಂಚು ತಾನೇ, ಇದೇ ರಿಮ್ಮಿಗೆ 16 ಇಂಚಿನ ಟೈರ್ ಏರಿಸಿಬಿಡೋಣ" ಅಂತಾರೆ. ಹಾಕಿಸಲಾ?

ಉತ್ತರ: ಬೇಡವೇ ಬೇಡ. ಅವರಿಗೆ ನಮಸ್ಕಾರ ಹೇಳಿ ಬೇರೆ ಕಡೆ ಹೋಗಿ. ನಾನು ಹೆದರಿಸುತ್ತಿಲ್ಲ, ಇದರಿಂದ ಜೀವ ಹೋಗಿದೆ.

ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗ ಇರುತ್ತಲ್ಲ, ಅದು 16 ಇಂಚಿನ ರಿಮ್ಮಿನಲ್ಲಿ 5 ಡಿಗ್ರಿ ಓರೆ, 16.5ರಲ್ಲಿ 15 ಡಿಗ್ರಿ ಓರೆ. ಅಂದರೆ ವ್ಯತ್ಯಾಸ ಬರೀ ಅರ್ಧ ಇಂಚಿನದ್ದಲ್ಲ, ಆಕಾರವೇ ಬೇರೆ. ತಮಾಷೆ ಏನಪ್ಪಾ ಅಂದ್ರೆ ರಿಮ್ಮಿನ ನಡುವೆ ತಗ್ಗು ಇರೋದರಿಂದ ಚಿಕ್ಕ ಟೈರೂ ಒಳಗೆ ಹೋಗುತ್ತದೆ, ನೋಡಿದವರಿಗೆ ಸರಿಯಾಗಿ ಕೂತ ಹಾಗೇ ಕಾಣುತ್ತದೆ. ಆದರೆ ಗಾಳಿ ಹಾಕಿದಾಗ ಅಂಚು ತನ್ನ ಜಾಗಕ್ಕೆ ಏರೋದಿಲ್ಲ. ಇನ್ನೊಂಚೂರು ಹಾಕೋಣ, ಇನ್ನೊಂಚೂರು ಅಂತ ಒತ್ತಡ ಏರಿಸುತ್ತಾ ಹೋಗುತ್ತಾರೆ, ಒಳಗಿರುವ ಉಕ್ಕಿನ ತಂತಿ ಪಟ್ಟನೆ ತುಂಡಾಗಿ ಟೈರು ಸಿಡಿಯುತ್ತದೆ. ಮುಂದೆ ಬಗ್ಗಿ ಕೂತವನ ಕಥೆ ಅಷ್ಟೇ.

ಹಳೇ 16.5 ರಿಮ್ಮನ್ನೇ ಹುಡುಕಿ ತರೋದೂ ನನಗೆ ಸರಿ ಕಾಣೋದಿಲ್ಲ. ರಿಮ್ ಸಿಕ್ಕಿದರೂ ಟೈರಿನ ತಲೆನೋವು ಹಾಗೇ ಉಳಿಯುತ್ತದೆ. 16 ಇಂಚಿನ ರಿಮ್ಮಿಗೆ ಬನ್ನಿ. ಎಲ್‌ಟಿ 225/75 ಆರ್ 16 ಟೈರು ನಿಮ್ಮ ಹಳೇ 8.75-16.5 ಟೈರಿನಷ್ಟೇ ಎತ್ತರ ಬರುತ್ತದೆ, ಸ್ಪೀಡೋಮೀಟರ್ ಹೆಚ್ಚೇನೂ ಸುಳ್ಳು ಹೇಳೋದಿಲ್ಲ. ಆದರೆ ಬದಲಾಯಿಸೋದಾದರೆ ಆರನ್ನೂ ಬದಲಾಯಿಸಿ, ಸ್ಟೆಪ್ನಿಯನ್ನೂ ಸೇರಿಸಿ. ನಾಲ್ಕು ಹಳೇದು ಎರಡು ಹೊಸದು ಅಂತ ಬಿಟ್ಟರೆ, ಮುಂದೊಂದು ದಿನ ಪಂಕ್ಚರ್ ಆದಾಗ ಯಾರೋ ಅವಸರದಲ್ಲಿ ಇದೇ ಅರ್ಧ ಇಂಚಿನ ತಪ್ಪು ಮಾಡುತ್ತಾರೆ.

ಇನ್ನು ಹುಡುಕೋ ಕೆಲಸ. ನಿಮ್ಮದು 8 ಸ್ಟಡ್ಡಿನದು (ಸ್ಟಡ್ಡು ಅಂದರೆ ರಿಮ್ಮಿನ ತೂತಿನಿಂದ ಹೊರಬಂದು ನಟ್ಟು ಹಿಡಿಯುವ ಬೋಲ್ಟು). ಎದುರುಬದುರು ಸ್ಟಡ್‌ಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ 6.5 ಇಂಚು, ಅಂದರೆ 165.1 ಮಿ.ಮೀ. ಗುಜರಿಯಲ್ಲಿ 8 ತೂತಿನ ಟ್ರಕ್ ರಿಮ್ ಕಂಡ ಕೂಡಲೇ ಖುಷಿಪಡಬೇಡಿ. 1999ರಿಂದ ಬಂದ ಫೋರ್ಡ್ ಸೂಪರ್ ಡ್ಯೂಟಿ ಪಿಕಪ್ಪುಗಳ 8 ತೂತಿನ ರಿಮ್ 170 ಮಿ.ಮೀ.ದು. ಕಣ್ಣಿಗೆ ಎರಡೂ ಒಂದೇ. 5 ಮಿ.ಮೀ. ವ್ಯತ್ಯಾಸವನ್ನು ಪಾನಾ ಹಾಕಿ ಒತ್ತಿ ಸರಿಮಾಡುತ್ತೇನೆ ಅನ್ನೋರೂ ಇದ್ದಾರೆ, ಅವರ ಮಾತು ಕೇಳಬೇಡಿ.

ಆಮೇಲೆ ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಟ್ಟನಡುವಿನಿಂದ, ಅದು ಹಬ್ಬಿಗೆ (ಗಾಡಿಯಲ್ಲಿ ಚಕ್ರ ಕೂರುವ ನಡುಭಾಗಕ್ಕೆ) ತಾಗುವ ಜಾಗ ಎಷ್ಟು ದೂರ ಅನ್ನೋದು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಟೈರಿಲ್ಲದ ರಿಮ್ಮನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿ. ಹಿಂಬದಿಯ ಅಂಚಿನ ಮೇಲೆ ನೇರವಾದ ಒಂದು ಪಟ್ಟಿ ಅಡ್ಡ ಇಟ್ಟು, ಪಟ್ಟಿಯಿಂದ ಹಬ್ಬಿಗೆ ತಾಗುವ ಜಾಗದವರೆಗೆ ಅಳೆಯಿರಿ. ಅದರಿಂದ ರಿಮ್ಮಿನ ಒಟ್ಟು ಹೊರ ಅಗಲದ ಅರ್ಧವನ್ನು ಕಳೆಯಿರಿ. ಉದಾಹರಣೆಗೆ ಅಳತೆ 140, ಒಟ್ಟು ಅಗಲ 178 ಬಂದರೆ ಆಫ್‌ಸೆಟ್ 51 ಮಿ.ಮೀ. ನಿಮ್ಮ ಗಾಡಿ ಮುಂದಿನ ಚಕ್ರದಿಂದ ಎಳೆಯುವಂಥದ್ದು, ಅಲ್ಲಿ ಆಫ್‌ಸೆಟ್ ತಪ್ಪಿದರೆ ಬೇರಿಂಗಿಗೂ ಸ್ಟೀರಿಂಗಿಗೂ ಏಟು. ಹಳೇ ರಿಮ್ಮನ್ನು ಅಳೆದು ಚೀಟಿಯಲ್ಲಿ ಬರೆದುಕೊಂಡೇ ಮನೆ ಬಿಡಿ. ನಡುವಿನ ದೊಡ್ಡ ತೂತನ್ನೂ ಅಳೆದುಕೊಳ್ಳಿ, ಅದು ನಿಮ್ಮ ಹಬ್ ದಾಟದಿದ್ದರೆ ಉಳಿದಿದ್ದೆಲ್ಲ ಸರಿಯಿದ್ದೂ ಪ್ರಯೋಜನ ಇಲ್ಲ.

ಭಾರದ ವಿಷಯ. ನಾನು ಹೇಳಿದ ಟೈರಿನಲ್ಲಿ ಭಾರ ಹೊರುವ ಲೆಕ್ಕದ 'ಇ' ದರ್ಜೆಯದು 80 ಪಿಎಸ್‌ಐ ಗಾಳಿಯಲ್ಲಿ ಒಂದೊಂದೂ ಸುಮಾರು 1215 ಕೆ.ಜಿ. ಹೊರುತ್ತದೆ. ರಿಮ್ಮೂ ಅಷ್ಟು ಗಾಳಿ, ಅಷ್ಟು ಭಾರ ತಡೆಯಬೇಕಲ್ವಾ? ರಿಮ್ಮಿನ ಮೇಲೆ ಅಳತೆ, ಎಷ್ಟೋ ಸಲ ಭಾರದ ಮಿತಿಯೂ ಕೊರೆದಿರುತ್ತದೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದರೆ ಕಾಣುತ್ತದೆ. ಕಾಣದಿದ್ದರೆ ಆ ರಿಮ್ ಬಿಟ್ಟುಬಿಡಿ.

ಪ್ರಶ್ನೆ: ನಮ್ಮದು 15 ಇಂಚಿನ ರಿಮ್ ಇರುವ ಹಳೇ ಫಿಯಾಟ್ ಡುಕಾಟೊ ಮೋಟರ್‌ಹೋಮ್. ದೊಡ್ಡ ಡುಕಾಟೊದ 16 ಇಂಚಿನ ಸ್ಟೀಲ್ ರಿಮ್ ನಾಲ್ಕು ಸಿಕ್ಕವು ಅಂತ ತಂದೆ. ಅದಕ್ಕೂ 5 ತೂತು, ಇದಕ್ಕೂ 5 ತೂತು. ಆದರೆ ಕೂರುತ್ತಿಲ್ಲ.

ಉತ್ತರ: ಕೂರೋದಿಲ್ಲ, ಪಾಪ. ಬೋಲ್ಟಿನ ತೂತುಗಳ ಮಧ್ಯ ಹಾದುಹೋಗುವ ವೃತ್ತದ ಅಡ್ಡಳತೆ ಚಿಕ್ಕ ಡುಕಾಟೊದ್ದು 118 ಮಿ.ಮೀ., ಮ್ಯಾಕ್ಸಿ ಅನ್ನೋ ದೊಡ್ಡ ಡುಕಾಟೊದ್ದು 130. ನಡುವಿನ ತೂತು ಕೂಡ 71.1 ಮತ್ತು 78.1, ಬೋಲ್ಟಿನ ದಪ್ಪವೂ ಬೇರೆ. ತಂದ ಕಡೆಗೇ ವಾಪಸ್ ಕೊಟ್ಟುಬಿಡಿ. 5 ತೂತಿನ ರಿಮ್ಮಿನಲ್ಲಿ ಎದುರುಬದುರು ತೂತೇ ಇರಲ್ಲ, ಅದಕ್ಕೇ ಜನ ಅಂದಾಜಿನಲ್ಲಿ ಅಳೆದು ಮೋಸ ಹೋಗೋದು. ಅಕ್ಕಪಕ್ಕದ ಎರಡು ತೂತುಗಳ ನಡುವೆ ಮಧ್ಯದಿಂದ ಮಧ್ಯಕ್ಕೆ ಅಳೆದು 1.7ರಿಂದ ಗುಣಿಸಿ. ಗುಣಿಸುವ ಮೊದಲಿನ ಅಳತೆಯೇ 69 ಚಿಲ್ಲರೆ ಬಂದರೆ 118ರದು, 76 ಚಿಲ್ಲರೆ ಬಂದರೆ 130ರದು.

ಪ್ರಶ್ನೆ: ಹಳೇ ಸ್ಟೀಲ್ ರಿಮ್ ತಂದು ಪೇಂಟ್ ಮಾಡಿಸಿ ಹಾಕಿದ್ದೇನೆ. ಹಿಂದೆ ಜೋಡಿ ಚಕ್ರ. ನಟ್ಟು ಪದೇ ಪದೇ ಸಡಿಲ ಆಗುತ್ತಿದೆ, ಯಾಕೆ?

ಉತ್ತರ: ಪೇಂಟೇ ಇರಬಹುದು. ನಾನೂ ಒಮ್ಮೆ ಚೆಂದ ಕಾಣಲಿ ಅಂತ ಮೂರು ಕೋಟ್ ಬಳಿದಿದ್ದೆ, ಹಬ್ಬಿಗೆ ತಾಗುವ ಜಾಗಕ್ಕೂ ನಟ್ಟು ಕೂರುವ ಜಾಗಕ್ಕೂ ಬಿಡದೆ. ಗಾಡಿ ಓಡಿದ ಹಾಗೆ ಆ ಪೇಂಟ್ ಅದುಮಿ ತೆಳುವಾಯಿತು, ನಟ್ಟಿನ ಬಿಗಿ ಹೋಯಿತು. ತಗ್ಗಿನಲ್ಲಿ 'ಟಕ್ ಟಕ್' ಅಂದಾಗಲೇ ಗೊತ್ತಾಗಿದ್ದು. ಒಂದಕ್ಕೊಂದು ತಾಗುವ ಜಾಗಗಳಲ್ಲಿ, ಜೋಡಿ ರಿಮ್ಮುಗಳ ನಡುವೆಯೂ, ದಪ್ಪ ಪೇಂಟ್ ಕೆರೆದು ತೆಗೆಯಿರಿ.

ಇನ್ನೊಂದು ಅನುಮಾನ: ರಿಮ್ ಒಂದು ತರಹ, ನಟ್ಟು ಇನ್ನೊಂದು ತರಹ ಆಗಿರಬಹುದು. ಸ್ಟಡ್ಡಿನ ಮೇಲೆ ಕೂರುವ ಹಳೇ ರಿಮ್ಮಿಗೆ ಉರುಟು ತಳದ ನಟ್ಟು ಬೇಕು. ಹಬ್ಬಿನ ಮೇಲೆ ಕೂರುವ ರಿಮ್ಮಿಗೆ ಚಪ್ಪಟೆ ತಳದ, ಅಗಲ ವಾಷರ್ ಇರುವ ನಟ್ಟು. ಅದಲುಬದಲು ಮಾಡಿದರೆ ಎಷ್ಟು ಬಿಗಿದರೂ ನಿಲ್ಲೋದಿಲ್ಲ. ಹೀಗೇ ಓಡಿಸಿದ್ದರೆ ಸ್ಟಡ್ಡಿನ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ದುಂಡಗಿದ್ದದ್ದು ಮೊಟ್ಟೆ ಆಕಾರಕ್ಕೆ ತಿರುಗಿದ್ದರೆ, ಅಥವಾ ಒಂದು ತೂತಿನಿಂದ ಇನ್ನೊಂದಕ್ಕೆ ಕೂದಲೆಳೆಯ ಬಿರುಕು ಕಂಡರೆ ಆ ರಿಮ್ ಗುಜರಿಗೇ. ವೆಲ್ಡಿಂಗ್ ಮಾಡಿಸೋ ಯೋಚನೆ ಬೇಡ. ಸ್ಟಡ್‌ಗಳೂ ಸೊರಗಿರುತ್ತವೆ, ಅವನ್ನೂ ಬದಲಾಯಿಸಿ. ಹೊಸದಾಗಿ ಕೂರಿಸಿದ ಮೇಲೆ 80ರಿಂದ 160 ಕಿ.ಮೀ. ಓಡಿಸಿ, ಗಾಡಿಯ ಕೈಪಿಡಿಯಲ್ಲಿರುವ ಲೆಕ್ಕಕ್ಕೆ ಟಾರ್ಕ್ ಪಾನಾ (ಎಷ್ಟು ಬಿಗಿ ಆಯಿತು ಅಂತ ತೋರಿಸುವ ಪಾನಾ) ಹಾಕಿ ಇನ್ನೊಮ್ಮೆ ಬಿಗಿಯಿರಿ.